ಮೇಲಿನಿಂದ ಎಷ್ಟು, ಕೆಳಗಿನಿಂದ ಎಷ್ಟು?

ಉಡುಪಿಯ ಕಾಲೇಜೊಂದರಲ್ಲಿ ಭೌತವಿಜ್ಞಾನ ಕಲಿಸುತ್ತೇನೆ. ವಿಶ್ವಕಿರಣದ, ಅಂದರೆ ಬಾಹ್ಯಾಕಾಶದಿಂದ ಬಂದೆರಗುವ ಕಣಗಳ, ಪ್ರಯೋಗ ಆರಿಸಿಕೊಂಡ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಒಂದೇ ಎಣಿಕೆಯನ್ನು ನಂಬಬೇಡಿ, ಅದರ ಪಕ್ಕದಲ್ಲಿಡಲು ಇನ್ನೊಂದನ್ನು ಹುಡುಕಿ ಎನ್ನುತ್ತೇನೆ. ಇದಕ್ಕೆ ಜಪಾನಿನ ನ್ಯೂಟ್ರಿನೊ ಶೋಧಕ ಸೂಪರ್-ಕಾಮಿಯೋಕಾಂಡೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ನ್ಯೂಟ್ರಿನೊ ಎಂದರೆ ಬಹುತೇಕ ಯಾವುದಕ್ಕೂ ತಾಗದೆ ಹಾದುಹೋಗುವ ಕಣ; ವಿಶ್ವಕಿರಣ ಗಾಳಿಗೆ ಬಡಿದಾಗಲೂ ಹುಟ್ಟುತ್ತದೆ. ಹಾಗೆ ಹುಟ್ಟಿದ ವಾತಾವರಣದ ನ್ಯೂಟ್ರಿನೊ ಮೊದಲು ಸಿಕ್ಕ ತಾಣಗಳಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯೂ ಒಂದು, 1965ರಲ್ಲಿ. ಜಪಾನಿನ ಶೋಧಕ ಬಂದದ್ದು ಬಹಳ ತಡವಾಗಿ: ಬೆಟ್ಟದಡಿ 1,000 ಮೀಟರ್ ಆಳದಲ್ಲಿ 50,000 ಟನ್ ಶುದ್ಧ ನೀರು, ಸುತ್ತ ಮಿಣುಕು ಬೆಳಕನ್ನೂ ಹಿಡಿಯುವ 11,000ಕ್ಕೂ ಹೆಚ್ಚು ಫೋಟೊಮಲ್ಟಿಪ್ಲೈಯರ್ ಟ್ಯೂಬುಗಳು. ಎಷ್ಟು ನ್ಯೂಟ್ರಿನೊ ಬರಬೇಕು ಎಂಬ ಲೆಕ್ಕವೇ ಆಗ ಶೇ. 20ರಷ್ಟು ಆಚೀಚೆ ಇತ್ತು. ‘ಕಡಿಮೆ ಬಂದಿವೆ’ ಎಂದರೆ ಯಾರು ಒಪ್ಪುತ್ತಾರೆ? ಆದರೆ ಹೆಚ್ಚು ಶಕ್ತಿಯವು ತಲೆಯ ಮೇಲಿನಿಂದ ಬಂದಷ್ಟೇ ಭೂಮಿಯನ್ನು ತೂರಿ ಕಾಲಡಿಯಿಂದಲೂ ಬರಬೇಕು. ಮೇಲಿನವುಗಳ ದಾರಿ ಸುಮಾರು 15 ಕಿ.ಮೀ., ಕೆಳಗಿನವುಗಳದ್ದು 13,000 ಕಿ.ಮೀ. 1998ರಲ್ಲಿ ತಕಾಕಿ ಕಾಜಿತಾ ತಂಡದ ಪರವಾಗಿ ಫಲಿತಾಂಶ ಮುಂದಿಟ್ಟರು. ನ್ಯೂಟ್ರಿನೊಗಳಲ್ಲಿ ಎಲೆಕ್ಟ್ರಾನ್, ಮ್ಯುವಾನ್, ಟೌ ಎಂದು ಮೂರು ಬಗೆ. ಕೆಳಗಿನಿಂದ ಬಂದ ಮ್ಯುವಾನ್ ನ್ಯೂಟ್ರಿನೊಗಳು ಸರಿಸುಮಾರು ಅರ್ಧಕ್ಕಿಳಿದಿದ್ದವು. ಎಲೆಕ್ಟ್ರಾನ್ ನ್ಯೂಟ್ರಿನೊಗಳಲ್ಲಿ ಅಂಥ ಕೊರತೆಯೇ ಇರಲಿಲ್ಲ. ನನಗೆ ಮೈ ಜುಮ್ಮೆನ್ನುವುದು ಇಲ್ಲಿ. ಅದೇ ನೀರು, ಅವೇ ಟ್ಯೂಬುಗಳು. ಶೋಧಕದ ದೋಷವಾಗಿದ್ದರೆ ಎರಡೂ ಕುಗ್ಗಬೇಕಿತ್ತಲ್ಲವೇ? ದೂರದಿಂದ ಬಂದ ಮ್ಯುವಾನ್ ನ್ಯೂಟ್ರಿನೊ ದಾರಿಯಲ್ಲಿ ಟೌ ನ್ಯೂಟ್ರಿನೊ ಆಗಿತ್ತು. ಹಾಗೆ ಬದಲಾಗಬೇಕಾದರೆ ನ್ಯೂಟ್ರಿನೊಗೆ ದ್ರವ್ಯರಾಶಿ ಇರಲೇಬೇಕು.

ನಮ್ಮದು ಕಪ್ಪು ಟೇಪು ಸುತ್ತಿದ ಎರಡು ಸಿಂಟಿಲೇಟರ್ (ಕಣ ಹಾದಾಗ ಮಿನುಗುವ ವಸ್ತು) ಹಲಗೆಗಳು, ತಾರಸಿಯ ಕೋಣೆಯಲ್ಲಿ, 45 ಡಿಗ್ರಿ ಓರೆಯಾಗಿ. ಎಣಿಸುವುದು ಮ್ಯುವಾನುಗಳನ್ನು, ಅಂದರೆ ವಿಶ್ವಕಿರಣ ಗಾಳಿಗೆ ಬಡಿದಾಗ ಹುಟ್ಟಿ ನೆಲಕ್ಕಿಳಿಯುವ, ಎಲೆಕ್ಟ್ರಾನಿನಂಥ ಆದರೆ ಅದಕ್ಕಿಂತ ಭಾರವಾದ ಕಣಗಳನ್ನು. ಮಲ್ಪೆಯ ಕಡಲ ಕಡೆಗೆ ಒಂದು ಗಂಟೆ, ತಿರುಗಿಸಿ ಘಟ್ಟದ ಕಡೆಗೆ ಒಂದು ಗಂಟೆ. ಆಟಿ ತಿಂಗಳ ಮಳೆಯ ತೇವಕ್ಕೆ ತೇವ ಹೀರುವ ಸಿಲಿಕಾ ಜೆಲ್ ನೋಡುತ್ತಿದ್ದಂತೆ ಗುಲಾಬಿಯಾಗುತ್ತದೆ, ಹೈವೋಲ್ಟೇಜ್ ಸೋರುತ್ತದೆ, ಬೆಳಗಿನ ಎಣಿಕೆ ಸಂಜೆಗೆ ಇರುವುದಿಲ್ಲ. ಪಡುವಣ, ಮೂಡಣ ಎರಡನ್ನೂ ಬೆನ್ನುಬೆನ್ನಿಗೆ ಅಳೆದರೆ ಆ ಏರಿಳಿತ ಅನುಪಾತದಲ್ಲಿ ಬಹುಪಾಲು ಕಳೆದುಹೋಗುತ್ತದೆ. ವಿಶ್ವಕಿರಣದ ಬಹುತೇಕ ಕಣಗಳು ಧನಾವೇಶದವು. ಭೂಮಿಯ ಕಾಂತಕ್ಷೇತ್ರ ಅವುಗಳನ್ನು ಬಾಗಿಸುವುದರಿಂದ ಪಡುವಣದ ಎಣಿಕೆ ತುಸು ಹೆಚ್ಚಿರಬೇಕು.

“ಸರ್, ಘಟ್ಟ ಅಡ್ಡ ಬರುವುದಿಲ್ಲವೇ?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ಇಂಥ ಪ್ರಶ್ನೆಗಾಗಿಯೇ ನಾನು ಕಾಯುತ್ತಿರುತ್ತೇನೆ. ಇಲ್ಲಿಂದ ಘಟ್ಟ ದಿಗಂತಕ್ಕಿಂತ ಒಂದೆರಡು ಡಿಗ್ರಿಯಷ್ಟೇ ಮೇಲೆ ಕಾಣುತ್ತದೆ, ಅದರ ತೊಂದರೆಯಿಲ್ಲ. ಆದರೆ ಮೂಡಣ ಬದಿಯ ನೀರಿನ ಟ್ಯಾಂಕು ನಿಜಕ್ಕೂ ದಾರಿಗಡ್ಡ ಇತ್ತು. ಉಪಕರಣವನ್ನು ಇನ್ನೊಂದು ಮೂಲೆಗೆ ಸರಿಸಿದೆವು.

ಸೂಪರ್-ಕಾಮಿಯೋಕಾಂಡೆಯವರೂ ಇದೇ ಪಡುವಣ-ಮೂಡಣ ವ್ಯತ್ಯಾಸವನ್ನು ನ್ಯೂಟ್ರಿನೊಗಳಲ್ಲಿ ಅಳೆದು 1999ರಲ್ಲಿ ಪ್ರಕಟಿಸಿದರು. ಲೆಕ್ಕಕ್ಕೂ ಅಳತೆಗೂ ತಾಳೆಯಾಯಿತು.