ಹಗ್ಗ ಎಳೆದ ಗಡಿ

ಮಂಡ್ಯದ ನಮ್ಮ ಗದ್ದೆಯಲ್ಲಿ ಕಳೆದ ವಾರ ಮೋಜಣಿದಾರರು ಸರಪಳಿ ಎಳೆದು, ಕೆಸರಿನಲ್ಲಿ ಹೂತಿದ್ದ ಬಾಂದುಕಲ್ಲನ್ನು ಗುದ್ದಲಿಯಿಂದ ಕೆದಕಿ ತೋರಿಸಿದಾಗ, ನನಗೆ ನೆನಪಾದದ್ದು ಪ್ರಾಚೀನ ಮೆಸೊಪೊಟೇಮಿಯಾದ (ಇಂದಿನ ಇರಾಕಿನ) ದಕ್ಷಿಣ ಭಾಗವಾದ ಸುಮೇರಿನ ಲಗಾಶ್ ಮತ್ತು ಉಮ್ಮಾ ನಗರರಾಜ್ಯಗಳ ಜಗಳ. 4,500 ವರ್ಷಗಳಿಗೂ ಹಿಂದೆ ಕಿಶ್‌ನ ದೊರೆ ಮೆಸಿಲಿಮ್ ಅವೆರಡರ ನಡುವೆ ಅಳತೆಯ ಹಗ್ಗ ಎಳೆಸಿ ಗಡಿಕಲ್ಲು ನೆಡಿಸಿದನೆಂದು, ಮುಂದೆ ಲಗಾಶ್‌ನ ಎಂಟೆಮೆನ ಬರೆಸಿದ ಮಣ್ಣಿನ ಶಂಕುವಿನ ಶಾಸನ ಹೇಳುತ್ತದೆ. ಉಮ್ಮಾದವರು ಆ ಕಲ್ಲನ್ನು ಕಿತ್ತರು. ಲಗಾಶ್‌ನ ಎಯನ್ನಾಟುಮ್ ಗಡಿಗುಂಟ ಕಾಲುವೆಯನ್ನೇ ತೋಡಿಸಿದ.

ನಮ್ಮ ಹಳೆಯ ದಾನಶಾಸನಗಳು ಎಲ್ಲೆಯನ್ನು ಹುತ್ತ, ಹುಣಸೆಮರ, ಹಳ್ಳಗಳ ಹೆಸರು ಹಿಡಿದು ಹೇಳುವುದರಿಂದ ಆ ಗೆರೆ ಅಂಕುಡೊಂಕು. ಗುಡ್ಡ, ಬಂಡೆಗಳಿಲ್ಲದ ಮೆಸೊಪೊಟೇಮಿಯಾದ ಮೆಕ್ಕಲು ಬಯಲಿನಲ್ಲಿ ಮಾತ್ರ, ನೀರಾವರಿಯ ಹೊಲಕ್ಕಾಗಿಯೇ ರಾಜ್ಯಗಳು ಬಡಿದಾಡುತ್ತಿದ್ದಾಗ, ಹೊಲದ ನೇರ ಬದುವೇ ರಾಜ್ಯದ ಗಡಿಯಾಗಿ ಬೆಳೆಯಿತೆಂಬುದು ನನ್ನ ಊಹೆ. ಅಂದಹಾಗೆ, ನಮ್ಮ ಬಾಂದುಕಲ್ಲು ಸಿಕ್ಕಿದ್ದು ಪಕ್ಕದವರ ಕಬ್ಬಿನೊಳಗೆ, ಮೂರಡಿ ಆಚೆ.