ಕೋಟೆ ಆಟ: ಮೂರನೇ ಸ್ಪ್ರಿಂಟ್ ಮುಗೀತು

ನಮ್ಮ ಆಟದಲ್ಲಿ ಓಬವ್ವನ ಕಿಂಡಿ ಕೊನೆಗೂ ಕೆಲಸ ಮಾಡುತ್ತಿದೆ. ಸಿಪಾಯಿ ಬಗ್ಗಿ ತೂರಿದರೆ ಆಚೆ ಬರುತ್ತಾನೆ. ಮೊದಲು ಒಳಗೇ ಎದ್ದು ನಿಂತರೆ ತಲೆ ಬಂಡೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಆಟ ಕಟ್ಟುವ ಸಾಫ್ಟ್‌ವೇರ್ ಗೊಡಾಟ್‌ನಲ್ಲಿ ಸಿಪಾಯಿ ಬಗ್ಗಿದಾಗ ಕೊಲಿಷನ್ ಶೇಪ್ (ಅವನು ಗೋಡೆಗೆ ತಗುಲುವ ಅಳತೆಯ ಆಕಾರ) ನಮ್ಮ ಕೋಡ್ ಚಿಕ್ಕದು ಮಾಡುತ್ತೆ, ಎದ್ದಾಗ ದೊಡ್ಡದು ಮಾಡುತ್ತೆ. ಮೇಲೆ ಜಾಗ ಇದೆಯಾ ಅಂತ ನೋಡುವವರು ಯಾರು? ಈಗ ತಲೆ ಮೇಲೊಂದು ರೇಕಾಸ್ಟ್, ಅಂದರೆ ಅಡ್ಡ ಏನಾದರೂ ಇದೆಯಾ ಅಂತ ನೋಡುವ ಕಾಣದ ಗೆರೆ, ಇದೆ. ಅದು ಕಲ್ಲಿಗೆ ತಗುಲುತ್ತಿದ್ದರೆ ಏಳೋ ಬಟನ್ ಒತ್ತಿದರೂ ಸಿಪಾಯಿ ಏಳಲ್ಲ.

ಹೊಸದಾಗಿ ಓದುತ್ತಿರುವವರಿಗೆ: ಚಿತ್ರದುರ್ಗದಲ್ಲಿ ಇಂಜಿನಿಯರಿಂಗ್ ಓದುತ್ತಿರುವ ನಾವು ನಾಲ್ಕು ಜನ ಏಳು ಸುತ್ತಿನ ಕೋಟೆಯನ್ನು 2ಡಿ ಆಟ ಮಾಡುತ್ತಿದ್ದೇವೆ. ಅಜೈಲ್‌ನಲ್ಲೇ (ಕೆಲಸವನ್ನು ಸ್ಪ್ರಿಂಟ್ ಅನ್ನೋ ಸಣ್ಣ ಸಣ್ಣ ಅವಧಿಗಳಲ್ಲಿ ಮುಗಿಸುತ್ತಾ ಹೋಗುವ ರೀತಿ) ಮಾಡಬೇಕು ಅನ್ನೋದು ಕೋರ್ಸಿನ ಷರತ್ತು. 2001ರ ಅಜೈಲ್ ಮ್ಯಾನಿಫೆಸ್ಟೊ ದಪ್ಪ ದಾಖಲೆಗಿಂತ ಓಡುವ ಸಾಫ್ಟ್‌ವೇರ್ ಮುಖ್ಯ ಅನ್ನುತ್ತದೆ. ನಮಗೆ ಬೈಂಡ್ ಮಾಡಿದ ರಿಪೋರ್ಟೂ ಬೇಕಂತೆ. ಇರಲಿ ಬಿಡಿ.

ಅಜೈಲ್‌ನ ಒಂದು ಪದ್ಧತಿಯಾದ ಸ್ಕ್ರಮ್‌ನಲ್ಲಿ ದಿನಾ 15 ನಿಮಿಷ ಸೇರಬೇಕು. ಇಡೀ ದಿನ ಅದೇ ಕೆಲಸ ಮಾಡುವವರಿಗೆ ಅದು ಸರಿ. ನಮ್ಮಲ್ಲಿ ಒಬ್ಬನಿಗೆ ಲ್ಯಾಬ್, ಇನ್ನೊಬ್ಬಳಿಗೆ ಚಳ್ಳಕೆರೆ ಬಸ್ಸು. "ನಿನ್ನೆ ಏನೂ ಆಗಲಿಲ್ಲ" ಅಂತ ಹೇಳೋಕೆ ಸುಮ್ನೆ ಯಾಕೆ ಸೇರಬೇಕು? ನಾಲ್ಕೂ ಜನಕ್ಕೆ ಲ್ಯಾಬ್ ಇರುವ ದಿನ ಮಾತ್ರ ನಿಂತು ಮಾತಾಡುತ್ತೇವೆ. ಕೆಲಸ ಎಷ್ಟು ದೊಡ್ಡದು ಅಂತ ಅಂಕ ಕೊಡುವ ಸ್ಟೋರಿ ಪಾಯಿಂಟ್ ಲೆಕ್ಕವನ್ನೂ ಬಿಟ್ಟೆವು. ಒಂದೊಂದು ಕೆಲಸಕ್ಕೂ ಕಾರ್ಡ್ ಮಾಡಿ ಬೋರ್ಡ್ ಮೇಲೆ ಸರಿಸುವ ಕಾನ್‌ಬಾನ್ ಪದ್ಧತಿಯಿಂದ ತಂದ ಒಂದು ನಿಯಮ ಮಾತ್ರ ಜಾಸ್ತಿ ಉಪಯೋಗಕ್ಕೆ ಬಂತು: 'ಮಾಡ್ತಿರೋದು' ಕಾಲಂನಲ್ಲಿ ಒಬ್ಬರಿಗೆ ಒಂದೇ ಕಾರ್ಡ್. ಅದು ಮುಗಿಯದೆ ಇನ್ನೊಂದನ್ನು ಮುಟ್ಟುವ ಹಾಗಿಲ್ಲ.

ಮುಗಿಯಿತು ಅಂದರೆ ಏನು ಅನ್ನೋದೇ ದೊಡ್ಡ ಜಗಳ ಆಗಿತ್ತು. "ನನ್ನ ಲ್ಯಾಪ್‌ಟಾಪಲ್ಲಿ ಓಡುತ್ತೆ" ಅನ್ನೋದು ಲೆಕ್ಕಕ್ಕಿಲ್ಲ ಅಂತ ತೀರ್ಮಾನ ಆಯ್ತು. ಎಲ್ಲರ ಕೋಡ್ ಇರುವ ಗಿಟ್‌ನಲ್ಲಿ ಸೇರಿ, ಓಡುವ ಆಟವಾಗಿ ಬಿಲ್ಡ್ ಆಗಿ, ನಮ್ಮ ತಂಡದಲ್ಲಿಲ್ಲದ ಒಬ್ಬರು ಆಡಿದರೆ ಮಾತ್ರ ಕಾರ್ಡ್ ಮುಂದಕ್ಕೆ. ಇಬ್ಬರು ಒಂದೇ ಸೀನ್ ಫೈಲ್ (ಆಟದ ಒಂದು ಭಾಗ ಇರುವ ಫೈಲ್) ತಿದ್ದಿ, ಎರಡನ್ನೂ ಸೇರಿಸುವ ಮರ್ಜ್ ಕಿತ್ತುಹೋಗುತ್ತಿತ್ತು, ಅದಕ್ಕೆ ಈಗ ಒಂದೊಂದು ಸುತ್ತಿಗೂ ಬೇರೆ ಸೀನ್.

ಶನಿವಾರ ಜೂನಿಯರ್ ಒಬ್ಬ ಆಡಿದ. ದಾವಣಗೆರೆಯವನು, ಓಬವ್ವನ ಕಥೆ ಬಾಯಿಪಾಠ. ಆದರೂ ಕಿಂಡಿ ಮುಂದೆ ನಿಂತು ಜಿಗಿದ, ಜಿಗಿದ, ಜಿಗಿಯುತ್ತಲೇ ಇದ್ದ. ನಾವು ಬಾಯಿ ಬಿಡಲಿಲ್ಲ, ಅದೇ ನಿಯಮ. ಕೊನೆಗೆ "ಅಣ್ಣಾ, ಇದು ಬರೀ ಗೋಡೆ ಅಲ್ವಾ?" ಅಂದ. ಮೊದಲು ಕಿಂಡಿ ಗೊತ್ತಾಗಬೇಕು ಅಂತ, ಮುಂದೆ ಮಾಡಬೇಕಿದ್ದ ಫಿರಂಗಿಯ ಕಾರ್ಡ್ ಪಟ್ಟಿಯಲ್ಲಿ ಅಲ್ಲೇ ಕೆಳಗಿಳಿಯಿತು. ಓಬವ್ವ ನೀರಿಗೆ ಬಂದವಳಲ್ವಾ, ಕಿಂಡಿ ಪಕ್ಕ ಒಂದು ಕೊಡ, ಒದ್ದೆ ನೆಲ, ಒಳಗಿನಿಂದ ಸ್ವಲ್ಪ ಬೆಳಕು ಇಡುತ್ತಿದ್ದೇವೆ.

ಮುಂದಿನ ಸ್ಪ್ರಿಂಟ್‌ನಲ್ಲಿ ಇದು ಮತ್ತು ಕಾವಲುಗಾರರ ಓಡಾಟ, ಅಷ್ಟೇ. ನಡುವೆ ಇಂಟರ್ನಲ್ಸ್ ಇದೆ, ಆ ವಾರಕ್ಕೆ ಒಂದು ಕಾರ್ಡನ್ನೂ ಇಟ್ಟಿಲ್ಲ.