ನಿಮ್ಮ ಪೇಪರ್ ನಡೆಯಲ್ವಂತೆ ಮೇಡಂ

2018ರ ನವೆಂಬರ್. ಗುಬ್ಬಿ ಕಡೆಯ ಒಬ್ಬ ತಂದೆ ನನ್ನ ರೂಮಿನ ಬಾಗಿಲಲ್ಲಿ ಬಂದು ನಿಂತರು. ಕೊಬ್ಬರಿ ವ್ಯಾಪಾರ ಅವರದು. ಕೈಯಲ್ಲಿ ನಾನೇ ಬರೆದುಕೊಟ್ಟಿದ್ದ ನಾಲ್ಕು ಪುಟದ ರಿಪೋರ್ಟ್. ಮಡಚಿ ಮಡಚಿ ಮೂಲೆ ಹರಿದಿತ್ತು. "ನಿಮ್ಮ ಪೇಪರ್ ನಡೆಯಲ್ವಂತೆ ಮೇಡಂ," ಅಂದರು. ಸಿಟ್ಟಿನಿಂದ ಅಲ್ಲ, ತಾವೇ ಏನೋ ತಪ್ಪು ಮಾಡಿದ ಹಾಗೆ ತಲೆ ತಗ್ಗಿಸಿಕೊಂಡು. ಬೈದಿದ್ದರೆ ವಾಸಿಯಿತ್ತು.

ಆ ರಿಪೋರ್ಟಿನ ಕೊನೆಯಲ್ಲಿ ನನ್ನ ಸಹಿ, ಅದರ ಕೆಳಗೆ ಸೀಲು: 'ಸರ್ಟಿಫೈಡ್ ಡಿಸ್ಲೆಕ್ಸಿಯಾ ಥೆರಪಿಸ್ಟ್'. ಡಿಸ್ಲೆಕ್ಸಿಯಾ ಅಂದರೆ ಬುದ್ಧಿ ಚುರುಕಾಗಿದ್ದರೂ ಓದು ಬರಹ ಕಷ್ಟವಾಗುವ ತೊಂದರೆ. ಸೀಲು ಮಾಡಿಸಿದ್ದು ತುಮಕೂರಿನ ಎಂ.ಜಿ. ರಸ್ತೆಯಲ್ಲಿ. ಸ್ಪೆಲ್ಲಿಂಗ್ ಸರಿಯಿದೆಯಾ ನೋಡ್ಕೊಳ್ಳಿ ಅಂದನೇ ಹೊರತು, ಅಂಗಡಿಯವನು ಬೇರೇನೂ ಕೇಳಲಿಲ್ಲ.

ನಾನು ಮೊದಲು ಕನ್ನಡ ಟೀಚರ್. ಬಿ.ಎ., ಬಿ.ಇಡಿ. ಮುಗಿಸಿ ತುಮಕೂರಿನ ಒಂದು ಖಾಸಗಿ ಶಾಲೆ ಸೇರಿದ್ದೆ. ಪಾಠ ಎಲ್ಲಾ ಬಾಯಲ್ಲಿ ಹೇಳುವ, ಆದರೆ ನಾಲ್ಕು ಸಾಲು ಓದೋಕೆ ಆಗದ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಒಬ್ಬಿಬ್ಬರು ಇರುತ್ತಿದ್ದರು. 2016ರಲ್ಲಿ ಮ್ಯಾನೇಜ್‌ಮೆಂಟಿನವರು ನನ್ನನ್ನು ಬೆಂಗಳೂರಿನ ಒಂದು ಕೋರ್ಸಿಗೆ ಕಳಿಸಿದರು. ಆರು ವಾರ, ಶನಿವಾರ ಭಾನುವಾರ ಮಾತ್ರ. ಕೊನೆಗೆ ಬಂಗಾರದ ಅಂಚಿನ ಸರ್ಟಿಫಿಕೇಟ್. ಶಾಲೆಯವರು ಅದಕ್ಕೆ ಕಟ್ಟು ಹಾಕಿಸಿ ಆಫೀಸಿನಲ್ಲಿ ತೂಗುಹಾಕಿದರು. ಅಡ್ಮಿಷನ್ ಟೈಮಲ್ಲಿ ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

'ಥೆರಪಿಸ್ಟ್' ಅನ್ನುವ ಪದಕ್ಕೆ ನಮ್ಮ ಕಡೆ ಬೇರೆಯದೇ ತೂಕ. ಒಬ್ಬ ಅಜ್ಜಿ ಮೊಮ್ಮಗನನ್ನು ಕರ್ಕೊಂಡು ಬಂದು, "ಕರೆಂಟ್ ಕೊಡ್ತೀರೇನಮ್ಮಾ? ನನ್ನ ಮಂಡಿಗೆ ಕೊಟ್ಟಿದ್ರು," ಅಂತ ಕೇಳಿದ್ದರು.

ಗುಬ್ಬಿಯ ಹುಡುಗ ನನ್ನ ಹತ್ತಿರ ಬಂದಾಗ ಎಂಟನೇ ಕ್ಲಾಸು. ಮೊದಲ ದಿನವೇ ಒಂದು ಪ್ಯಾರಾ ಓದಿಸಿದೆ. "ಕತೆ ಹುಲ್ಲು ತಿಂದಿತು," ಅಂತ ಓದಿದ. ಓದಿ ತಾನೇ ನಿಲ್ಲಿಸಿ, "ಕತೆ ಹೆಂಗೆ ಮಿಸ್ ಹುಲ್ಲು ತಿನ್ನುತ್ತೆ?" ಅಂತ ನಕ್ಕ. ಪುಸ್ತಕದಲ್ಲಿ ಇದ್ದದ್ದು 'ಕತ್ತೆ'. ಅವನ ಕಣ್ಣಿಗೆ ಕೆಳಗಿನ ತಾವತ್ತು ಕಾಣುತ್ತಿತ್ತು, ಆದರೆ ಅದಕ್ಕೊಂದು ದನಿ ಇದೆ ಅನ್ನುವುದು ಆ ಹೊತ್ತಿಗೆ ಹೊಳೆಯುತ್ತಿರಲಿಲ್ಲ. 'ಹಳ್ಳಿ' ಅವನಿಗೆ 'ಹಳಿ'. 'ಪ' ಮತ್ತು 'ಷ' ದಿನಕ್ಕೊಂದು ಥರ.

ನಾನು ಬೆಂಗಳೂರಿನಲ್ಲಿ ಕಲಿತು ಬಂದದ್ದೆಲ್ಲ ಇಂಗ್ಲಿಷ್ ಅಕ್ಷರದ ದನಿಗಳು. ಅದರಿಂದ ಕಾಗುಣಿತಕ್ಕೆ ಏನೂ ಸಿಗಲಿಲ್ಲ. ಕೊನೆಗೆ ಒಂದು ಊಟದ ತಟ್ಟೆಗೆ ಎರಡು ಹಿಡಿ ರಾಗಿ ಸುರಿದೆ. ಮೇಲೆ 'ತ' ಬರೆಸಿ ಬಾಯಲ್ಲಿ ಹೇಳಿಸೋದು, ನಾಲಿಗೆ ಹಲ್ಲಿನ ಹಿಂದೆ ಅರೆ ಗಳಿಗೆ ನಿಲ್ಲಿಸಿ ಒತ್ತು ಬರೆಸೋದು, ಆಮೇಲೆ ಎರಡನ್ನೂ ಕೂಡಿಸಿ ಹೇಳಿಸೋದು. ನೋಡೋದು, ಹೇಳೋದು, ಮುಟ್ಟೋದು ಮೂರೂ ಒಟ್ಟಿಗೆ. ಈ ದಾರಿಗೆ ಅಮೆರಿಕದ ಡಾಕ್ಟರ್ ಸ್ಯಾಮ್ಯುಯೆಲ್ ಆರ್ಟನ್, ಟೀಚರ್ ಅನ್ನಾ ಗಿಲ್ಲಿಂಗ್‌ಹ್ಯಾಮ್ ಅನ್ನುವ ಇಬ್ಬರ ಹೆಸರಿದೆ. ರಾಗಿ ಮಾತ್ರ ನಮ್ಮದು. ಎರಡು ವರ್ಷದಲ್ಲಿ ಅವನು ನಿಧಾನವಾಗಿ, ಬೆರಳಿಟ್ಟು ಓದುವ ಮಟ್ಟಕ್ಕೆ ಬಂದ. ಹಾಗಾಗಿ ನನಗೆ ಪಾಠ ಮಾಡೋಕೆ ಬರುತ್ತಿರಲಿಲ್ಲ ಅಂತ ಹೇಳಲ್ಲ. ಬರುತ್ತಿತ್ತು. ತಪ್ಪಾದದ್ದು ಸೀಲಿನಲ್ಲಿ.

ಎಸ್ಸೆಸ್ಸೆಲ್ಸಿ ಬಂತು. ಅವನಿಗೆ ಹೆಚ್ಚುವರಿ ಸಮಯ, ಬರೆದುಕೊಡುವವರು ಬೇಕಿತ್ತು. "ನಾನು ರಿಪೋರ್ಟ್ ಕೊಡ್ತೀನಿ, ತಗೊಂಡು ಹೋಗಿ," ಅಂದೆ. 'ಈ ವಿದ್ಯಾರ್ಥಿಗೆ ಡಿಸ್ಲೆಕ್ಸಿಯಾ ಇದೆ' ಅಂತ ದೊಡ್ಡದಾಗಿ ಬರೆದೆ. ಅವರ ತಂದೆ ಮೂರು ದಿನ ಅಂಗಡಿ ಮುಚ್ಚಿ ಕಚೇರಿ ಅಲೆದರು. ನಾಲ್ಕನೇ ದಿನ ನನ್ನ ಬಾಗಿಲಿಗೆ ಬಂದರು.

ಕಚೇರಿಯವರ ತಪ್ಪು ಏನೂ ಇರಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಒಂದು, ಡಿಸ್ಲೆಕ್ಸಿಯಾ ಅದರ ಒಳಗೆ ಬರುತ್ತೆ. ಯಾರು ಹೇಗೆ ಪರೀಕ್ಷೆ ಮಾಡಬೇಕು ಅಂತ 2018ರ ಜನವರಿಯಲ್ಲೇ ಕೇಂದ್ರದ ಮಾರ್ಗಸೂಚಿ ಬಂದಿತ್ತು. ಮೊದಲು ಮಕ್ಕಳ ಡಾಕ್ಟರು ಕಣ್ಣು, ಕಿವಿ ಸರಿಯಿದೆಯಾ ನೋಡಬೇಕು. ಆಮೇಲೆ ಕ್ಲಿನಿಕಲ್ ಸೈಕಾಲಜಿಸ್ಟ್ ಬುದ್ಧಿಮಟ್ಟದ ಪರೀಕ್ಷೆ ಮಾಡಬೇಕು. ನಂತರವೇ ನಿಮ್ಹಾನ್ಸ್‌ನವರು ರೂಪಿಸಿದ ಓದು ಬರಹ ಲೆಕ್ಕದ ಪರೀಕ್ಷೆ. ಸರ್ಟಿಫಿಕೇಟ್ ಕೊಡುವುದು ಆಸ್ಪತ್ರೆಯ ಮಂಡಳಿ. ಎಂಟು ವರ್ಷ ತುಂಬಿದ ಮೇಲೆ ಒಮ್ಮೆ, 14ಕ್ಕೆ ಮತ್ತೆ, 18ಕ್ಕೆ ಇನ್ನೊಮ್ಮೆ ಅಂತ ಆ ಮಾರ್ಗಸೂಚಿಯಲ್ಲಿತ್ತು. ಶಾಲೆಯ ಟೀಚರ್ ಕೆಲಸ ಮೂರನೇ ಕ್ಲಾಸಿನಲ್ಲೇ ಅನುಮಾನ ಬಂದ ಮಕ್ಕಳನ್ನು ಗುರುತಿಸಿ ಮುಂದಕ್ಕೆ ಕಳಿಸುವುದು. ಇದೆ, ಇಲ್ಲ ಅಂತ ತೀರ್ಪು ಕೊಡೋದಲ್ಲ.

ನಾನು ಎರಡು ವರ್ಷದ ಹಿಂದೆಯೇ ಕಳಿಸಬೇಕಿತ್ತು. ಕಳಿಸಲಿಲ್ಲ. ಈಗ ಕಳಿಸಿದೆ. ಒಂದು ಸಲ ಕಿವಿ, ಒಂದು ಸಲ ಕಣ್ಣು, ಸೈಕಾಲಜಿಸ್ಟ್ ಹತ್ತಿರ ದಿನಾಂಕ ಸಿಕ್ಕಿದ್ದು ಇನ್ನೂ ಮುಂದಕ್ಕೆ. ಸರ್ಟಿಫಿಕೇಟ್ ಕೈಗೆ ಬರುವ ಹೊತ್ತಿಗೆ ಅರ್ಜಿಯ ಕೊನೆಯ ದಿನ ಕಳೆದಿತ್ತು. ಹುಡುಗ ಎಲ್ಲರ ಜೊತೆ ಎಲ್ಲರಷ್ಟೇ ಟೈಮಲ್ಲಿ ಬರೆದ. ಕನ್ನಡದಲ್ಲೇ ಫೇಲಾದ. ಜೂನ್‌ನ ಪೂರಕ ಪರೀಕ್ಷೆಗೆ ಎಲ್ಲಾ ಸೌಲಭ್ಯ ಸಿಕ್ಕಿ ಪಾಸಾದ. ಪಾಸಾದ ದಿನ ಅವರ ಮನೆಯಿಂದ ಒಂದು ಚೀಲ ಕೊಬ್ಬರಿ ಬಂತು. ಅದನ್ನು ತಿನ್ನೋಕೆ ನನಗೆ ಮನಸ್ಸಾಗಲಿಲ್ಲ, ಸ್ಟಾಫ್ ರೂಮಿಗೆ ಕೊಟ್ಟುಬಿಟ್ಟೆ.

ಆಮೇಲೆ ಕೂತು ನಾನು ನಿಜಕ್ಕೂ ಯಾರು ಅಂತ ಹುಡುಕಿದೆ. ನಮ್ಮ ದೇಶದಲ್ಲಿ 'ಡಿಸ್ಲೆಕ್ಸಿಯಾ ಥೆರಪಿಸ್ಟ್' ಅಂತ ಪ್ರತ್ಯೇಕ ಲೈಸೆನ್ಸೇ ಇಲ್ಲ. ಇರುವುದು ವಿಶೇಷ ಶಿಕ್ಷಕರ ನೋಂದಣಿ. 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತು, ಅಂದರೆ ಆರ್‌ಸಿಐ ಇದೆ. ಅವರು ಮಾನ್ಯ ಮಾಡಿದ ಡಿ.ಇಡಿ. ಅಥವಾ ಬಿ.ಇಡಿ. ಸ್ಪೆಷಲ್ ಎಜುಕೇಶನ್ ಓದಿ, ಅವರ ಕೇಂದ್ರ ರಿಜಿಸ್ಟರಿನಲ್ಲಿ ಹೆಸರು ಬರೆಸಿಕೊಂಡರೆ ಒಂದು ನಂಬರ್ ಸಿಗುತ್ತೆ. ಮಾಮೂಲಿ ಬಿ.ಇಡಿ. ಇದ್ದರೆ ಆಗಲ್ಲ. ನೋಂದಣಿ ಇಲ್ಲದೆ ಈ ವೃತ್ತಿ ಮಾಡಿದರೆ ಒಂದು ವರ್ಷದವರೆಗೆ ಜೈಲು, ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಅಂತ ಅದೇ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕೋರ್ಸಿನಲ್ಲಿ ಮಾತೆತ್ತಿದರೆ ಅಮೆರಿಕ ಅನ್ನುತ್ತಿದ್ದರಲ್ಲ, ಅದನ್ನೂ ನೋಡಿದೆ. ಅಲ್ಲಿನ ಟೆಕ್ಸಾಸ್ ರಾಜ್ಯದಲ್ಲಿ ನಿಜವಾಗಿಯೂ ಡಿಸ್ಲೆಕ್ಸಿಯಾ ಥೆರಪಿಸ್ಟ್ ಲೈಸೆನ್ಸ್ ಇದೆ. ಸ್ನಾತಕೋತ್ತರ ಪದವಿ ಬೇಕು. 200 ಗಂಟೆ ತರಗತಿ, ಅನುಭವಿಗಳ ಕಣ್ಣಳತೆಯಲ್ಲಿ ಮಕ್ಕಳಿಗೆ 700 ಗಂಟೆ ಪಾಠ, ಆಮೇಲೆ ಪರೀಕ್ಷೆ. ನನ್ನದನ್ನು ಲೆಕ್ಕ ಹಾಕಿದೆ. ಹನ್ನೆರಡು ದಿನ, ದಿನಕ್ಕೆ ನಾಲ್ಕು ಗಂಟೆ. ಒಟ್ಟು 48, ಅದರಲ್ಲಿ ಊಟದ ಹೊತ್ತೂ ಸೇರಿದೆ. ಯಾರಾದರೂ ಪಕ್ಕದಲ್ಲಿ ಕೂತು ನಾನು ಮಗುವಿಗೆ ಪಾಠ ಮಾಡೋದನ್ನ ನೋಡಿದ್ದು, ಸೊನ್ನೆ.

2019ರಲ್ಲಿ ಬಿ.ಇಡಿ. ಸ್ಪೆಷಲ್ ಎಜುಕೇಶನ್ ಸೇರಿದೆ. ಎರಡು ವರ್ಷ. ಮೊದಲ ವರ್ಷ ದಿನಾ ಬೆಂಗಳೂರಿಗೆ ಟ್ರೈನು. ಎರಡನೇ ವರ್ಷದ ಬಹುಪಾಲು ಕೊರೊನಾದಲ್ಲಿ ಮೊಬೈಲ್ ಮುಂದೆ ಕಳೆಯಿತು. ಅಲ್ಲಿ ಮೊದಲ ಬಾರಿಗೆ ಒಬ್ಬ ಮೇಡಂ ನನ್ನ ಹಿಂದೆ ಕುರ್ಚಿ ಹಾಕಿಕೊಂಡು ಕೂತರು. ಪಾಠ ಮುಗಿದ ಮೇಲೆ ಒಂದೇ ಮಾತು: "ಮಗು ಉತ್ತರ ಹುಡುಕುತ್ತಿರುವಾಗ ನೀವು ಬಾಯಿ ಹಾಕ್ತೀರಿ. ಹತ್ತು ಸಲ ಹಾಕಿದ್ರಿ, ನಾನು ಎಣಿಸಿದೆ." ಐದು ವರ್ಷದಿಂದ ಹಾಗೇ ಮಾಡುತ್ತಿದ್ದೆ. ಯಾರೂ ಹೇಳಿರಲಿಲ್ಲ. ಇಡೀ ಕೋರ್ಸಿನ ಫೀಸು ಅಲ್ಲೇ ವಸೂಲಾಯಿತು ಅನ್ನಿಸಿತು. ಒತ್ತಕ್ಷರದ ಬಗ್ಗೆ ಮಾತ್ರ ನನ್ನ ಪುಸ್ತಕಗಳಲ್ಲಿ ಅಲ್ಲೂ ಅರ್ಧ ಪುಟ ಸಿಗಲಿಲ್ಲ. ರಾಗಿ ತಟ್ಟೆ ಹಾಗೇ ಮುಂದುವರಿದಿದೆ.

ಕೋರ್ಸ್ ಮುಗಿದ ವರ್ಷವೇ, 2021ರ ಅಕ್ಟೋಬರ್‌ನಲ್ಲಿ, ಸುಪ್ರೀಂ ಕೋರ್ಟ್ ತೀರ್ಪು ಬಂತು. ಪ್ರಾಥಮಿಕದಲ್ಲಿ ವಿಶೇಷ ಅಗತ್ಯವಿರುವ 10 ಮಕ್ಕಳಿಗೆ ಒಬ್ಬ, ಅದರ ಮೇಲೆ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಅಂತ. ಓದೋಕೆ ಚೆನ್ನಾಗಿದೆ. ನಾನೀಗ ವಾರಕ್ಕೆ ಮೂರು ಶಾಲೆ ಸುತ್ತುತ್ತೇನೆ.

ಕೆಲವು ಶಾಲೆಗಳವರು ಈಗಲೂ ಕೇಳುತ್ತಾರೆ: "ಬೋರ್ಡ್ ಮೇಲೆ ಥೆರಪಿಸ್ಟ್ ಅಂತ ಹಾಕ್ತೀವಿ ಮೇಡಂ, ಚೆನ್ನಾಗಿ ಕಾಣುತ್ತೆ." ಬೇಡ, 'ವಿಶೇಷ ಶಿಕ್ಷಕಿ' ಅಂತ ಹಾಕಿ, ಕೆಳಗೆ ನನ್ನ ಆರ್‌ಸಿಐ ನಂಬರ್ ಹಾಕಿ ಅನ್ನುತ್ತೇನೆ. ನಂಬರ್ ಹಾಕಿದರೆ ಯಾರು ಬೇಕಾದರೂ ರಿಜಿಸ್ಟರಿನಲ್ಲಿ ಹುಡುಕಿ ನೋಡಬಹುದು. ಅದು ಶಾಶ್ವತವೂ ಅಲ್ಲ, ಆಗಾಗ ತರಬೇತಿಗೆ ಹೋಗಿ ಪಾಯಿಂಟ್ ಸೇರಿಸಿ ನವೀಕರಿಸಬೇಕು. ನನ್ನ ರಿಪೋರ್ಟಿನ ಮೊದಲ ಸಾಲು ಈಗ ಹೀಗಿದೆ: 'ಇದು ಶಾಲೆಯಲ್ಲಿ ಕಂಡ ವಿಷಯಗಳ ಟಿಪ್ಪಣಿ. ವೈಕಲ್ಯದ ಪ್ರಮಾಣಪತ್ರ ಅಲ್ಲ.' ಡಿಸ್ಲೆಕ್ಸಿಯಾ ಅನ್ನುವ ಪದವನ್ನೇ ಬರೆಯಲ್ಲ. 'ಒತ್ತಕ್ಷರ ಇರುವ 20 ಪದಗಳಲ್ಲಿ 13 ತಪ್ಪು ಓದಿದ' ಅಂತ ಬರೀತೀನಿ. ಡಾಕ್ಟರಿಗೆ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಹೋದ ತಿಂಗಳು ಕ್ಯಾತ್ಸಂದ್ರದ ಒಬ್ಬ ತಾಯಿ ಹಟ ಹಿಡಿದರು. ಮಗಳು ಮೂರನೇ ಕ್ಲಾಸು. "ನೀವೇ ಬರ್ಕೊಡಿ ಮಿಸ್, ಆಸ್ಪತ್ರೆ ಲೈನಲ್ಲಿ ಯಾರು ನಿಲ್ತಾರೆ?" ಅಂತ.

"ಲೈನಲ್ಲಿ ನಾನೂ ನಿಲ್ತೀನಿ, ಬನ್ನಿ," ಅಂದೆ. ಗುರುವಾರ ಬೆಳಿಗ್ಗೆ ಹೋದೆವು. ಮಗುವಿನ ಎರಡು ನೋಟ್‌ಬುಕ್, ಶಾಲೆಯ ಪತ್ರ, ಆಧಾರ್, ಒಂದು ಪ್ಯಾಕೆಟ್ ಬಿಸ್ಕೆಟ್. ಮಧ್ಯಾಹ್ನ ಒಂದೂವರೆಗೆ ಕಿವಿ ಪರೀಕ್ಷೆ ಮುಗಿಯಿತು. ಕಣ್ಣಿನದಕ್ಕೆ ಮುಂದಿನ ವಾರ ಬನ್ನಿ ಅಂದಿದ್ದಾರೆ.